ಇನ್ನೊಂದು ಗಿಟಾರು

ಜೂನ್ ೮, ಭಾನುವಾರ

ಲಿಸ್ಬನ್ನಿನ ಮಾರ್ತಾ ಇವತ್ತು ವಿಡಿಯೋ ಕರೆಯಲ್ಲಿ ಸಿಕ್ಕಳು. ಅವಳದು ಸಣ್ಣ ಸಂಗೀತ ಕಂಪನಿ. ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ತಮ್ಮಷ್ಟಕ್ಕೆ ಹಾಡಿಕೊಂಡಿರುವವರನ್ನು ಹುಡುಕಿ ಅವರ ಆಲ್ಬಂ ಹೊರತರುತ್ತಾಳೆ. ಮೂರು ವರ್ಷದ ಹಿಂದೆ ನಾನು ಮಾಡಿದ ಮೊದಲ ಆಲ್ಬಂ ಹೇಗೋ ಅವಳ ಕಿವಿಗೆ ಬಿದ್ದಿದೆ. ಎರಡನೆಯದನ್ನು ತಾನೇ ತರುತ್ತೇನೆ, ನವೆಂಬರಿನಲ್ಲಿ ಅಲ್ಲಿ ನಡೆಯುವ ಸಂಗೀತೋತ್ಸವಕ್ಕೂ ಕರೆಸುತ್ತೇನೆ ಎಂದಳು. ಆಫ್ರಿಕಾದ ಮರುಭೂಮಿಯ ಗಿಟಾರು, ಅವಳ ಊರಿನ ವಿರಹದ ಹಾಡು, ಒಂದು ವರ್ಷದಿಂದ ಕೇಳಿ ಕೇಳಿ ತಲೆಯಲ್ಲಿ ತುಂಬಿಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನಮ್ಮೂರು ಮೇಲೂರಿನ ಬತ್ತಿದ ಕೆರೆಯಂಗಳವನ್ನೂ ಸಹಾರಾವನ್ನೂ ಒಂದೇ ಹಾಡಿನಲ್ಲಿ ತರಬೇಕು ಅಂದಾಗ ಅವಳ ಮುಖ ಅರಳಿತು.

ನಾನು ಕೂತಿದ್ದದ್ದು ನಮ್ಮ ಹಳೆಯ ಹುಳದ ಮನೆಯಲ್ಲಿ. ಅಣ್ಣ ಹಿಪ್ಪುನೇರಳೆ ಕಿತ್ತು ದ್ರಾಕ್ಷಿ ಹಾಕಿದ ಮೇಲೆ ರೇಷ್ಮೆ ಹುಳ ಸಾಕುವುದು ನಿಂತು ಆ ಕೋಣೆ ನನ್ನ ಪಾಲಿಗೆ ಬಂತು. ಹುಳ ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒತ್ತಾಗಿ ನಿಲ್ಲಿಸಿ, ಮೇಲೆ ಕಂಬಳಿ ಇಳಿಬಿಟ್ಟಿದ್ದೇನೆ. ರೆಕಾರ್ಡಿಂಗಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದಿಲ್ಲ. ಆದರೆ ಕ್ಯಾಮೆರಾದಲ್ಲಿ ಕೊಟ್ಟಿಗೆಯ ಹಾಗೆ ಕಾಣುತ್ತದೆಂದು ಇವತ್ತು ಬೆನ್ನ ಹಿಂದೆ ಬಿಳಿಯ ಬೆಡ್‌ಶೀಟು ಕಟ್ಟಿದ್ದೆ.

ಮಾತಿನ ನಡುವೆ ಅಮ್ಮ ಬಾಗಿಲು ತಳ್ಳಿಕೊಂಡು ಬಂದು, ಹುರಳಿ ಬಸ್ಸಾರಿಗೆ ಒಗ್ಗರಣೆ ಹಾಕಲಾ, ಬುಷ್ರಾ ಊಟಕ್ಕೆ ಬರುತ್ತಾಳಾ ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಜೋರಾಗಿ ಕೇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೈಯಲ್ಲಿ ಸೌಟು. ನಾಚಿಕೆಯಿಂದ ಮುಖ ಬಿಸಿಯಾಯಿತು. ಯಾರದು ಎಂದು ಮಾರ್ತಾ ನಗುತ್ತಾ ಕೇಳಿದಳು. ಪಕ್ಕದ ಮನೆಯವರು ಅಂದುಬಿಟ್ಟೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಪುಣ್ಯ.

ಜೂನ್ ೧೫

ಬುಷ್ರಾ ಬೆಳಿಗ್ಗೆಯೇ ಶಿಡ್ಲಘಟ್ಟದಿಂದ ಸ್ಕೂಟರಿನಲ್ಲಿ ಬಂದಳು, ಬೆನ್ನಿಗೆ ಗಿಟಾರು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಆ ಗಿಟಾರನ್ನು ಚಿಂತಾಮಣಿಯಲ್ಲಿ ಆರ್ಕೆಸ್ಟ್ರಾ ಬಿಟ್ಟವರೊಬ್ಬರಿಂದ ಕೊಂಡು, ಇಬ್ಬರೂ ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ತಂದಿದ್ದೆವು. ಆಮೇಲೆ ನಾನು ಟೀಚರಾದೆ. ಅವಳು ಅಪ್ಪ ಉಸ್ಮಾನ್ ಸಾಬರ, ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಘಟಕವನ್ನು ನೋಡಿಕೊಳ್ಳುತ್ತಿದ್ದಾಳೆ.

ಮೊದಲ ಆಲ್ಬಮ್ಮಿನ ಗಿಟಾರೆಲ್ಲ ಅವಳದೇ. ಹೆಸರು ಮಾತ್ರ ಇರಲಿಲ್ಲ. ಆಗ ಅವಳನ್ನು ನೋಡಲು ಗಂಡಿನ ಕಡೆಯವರು ಬಂದು ಹೋಗುತ್ತಿದ್ದರು. ಸದ್ಯಕ್ಕೆ ಹೆಸರು ಬೇಡ ಎಂದು ಅವಳ ಅಮ್ಮ ದಿಲ್ಷಾದ್ ಬೇಗಂ ಕೇಳಿಕೊಂಡಿದ್ದರು. 'ಗಿಟಾರ್: ಬಿ.' ಎಂದಷ್ಟೇ ಹಾಕಿದೆವು. ಆ ಸಂಬಂಧ ಕೂಡಿಬರಲಿಲ್ಲ, ಅದು ಬೇರೆ ಮಾತು.

ನಾನು ಕಳಿಸಿದ್ದ ಮರುಭೂಮಿಯ ಗಿಟಾರುಗಳನ್ನೆಲ್ಲ ಕೇಳಿಕೊಂಡು ಬಂದಿದ್ದಳು. ಅವರ ಹಾಗೆ ಬಾರಿಸಲು ಹೋಗದೆ, ಅವರನ್ನು ಕೇಳಿದವಳ ಹಾಗೆ ಬಾರಿಸಿದಳು. 'ಕೆರೆಯಂಗಳ' ಹಾಡಿನಲ್ಲಿ ನಾನು ಉಸಿರು ತೆಗೆದುಕೊಳ್ಳುವ ಕಡೆಯೆಲ್ಲ ಅವಳ ಗಿಟಾರು ಬಂದು, ನಾನು ಬಾಯಿ ತೆರೆಯುವ ಹೊತ್ತಿಗೆ ಸರಿದು ನಿಲ್ಲುತ್ತದೆ. ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. "ನಿನ್ನ ಭುಜ ಮೇಲಕ್ಕೆ ಹೋಗ್ತದಲ್ಲ, ಅದನ್ನ ನೋಡ್ಕೊಂಡಿರ್ತೀನಿ" ಅಂದಳು.

ಊಟದ ಹೊತ್ತಿಗೆ ಹಾಡು ಮುಗಿದಿತ್ತು. ಮಾರ್ತಾಗೆ ಕಳಿಸಿದೆ.

ಜೂನ್ ೨೭

ಮಾರ್ತಾ ಬರೆದಿದ್ದಾಳೆ. ರಾಗ ಬಹಳ ಹಿಡಿಸಿತಂತೆ, ದನಿ ಮೊದಲಿಗಿಂತ ಮಾಗಿದೆಯಂತೆ. ಗಿಟಾರಿನ ವಿಷಯದಲ್ಲಿ ಮಾತ್ರ ಸಂಕೋಚಪಟ್ಟುಕೊಂಡೇ ಒಂದು ಮಾತು: ಮದುವೆ ಮನೆಯ ಆರ್ಕೆಸ್ಟ್ರಾ ನೆನಪಾಗುತ್ತದೆ. ನೈಜರ್ ದೇಶದ ಇಸ್ಸೂಫ್ ಎಂಬ ಗಿಟಾರುಗಾರ ಅವಳಿಗೆ ಪರಿಚಯ. ಅವನು ಅಲ್ಲೇ ಬಾರಿಸಿ ಕಳಿಸುತ್ತಾನೆ, ಯೋಚಿಸು ಎಂದಿದ್ದಾಳೆ.

ಮದುವೆ ಮನೆಯ ಆರ್ಕೆಸ್ಟ್ರಾ. ಶಾಲೆಯಲ್ಲಿ ಬೋರ್ಡಿನ ಮೇಲೆ ಹೂವಿನ ಭಾಗಗಳನ್ನು ಬರೆಯುತ್ತಿರುವಾಗಲೂ ಆ ಮಾತು ಕಿವಿಯಲ್ಲೇ ಇತ್ತು. ಯಾರೋ ಹೇಳದೆ ಕೇಳದೆ ಮನೆಯೊಳಗೆ ಬಂದು ನಾವು ಒಗೆಯದೆ ಬಿಟ್ಟ ಬಟ್ಟೆಯನ್ನು ನೋಡಿಬಿಟ್ಟ ಹಾಗೆ. ಮನೆಗೆ ಬಂದು ಮತ್ತೆ ಹಾಡು ಕೇಳಿದೆ. ಇಷ್ಟು ದಿನ ಕೇಳಿಸದಿದ್ದದ್ದು ಈಗ ಅದೊಂದೇ ಕೇಳಿಸುತ್ತಿದೆ. ಹೌದು, ಇದೆ. ತಂತಿಯ ಮೇಲೆ ಜಾರುವ ಕಡೆ ಬೆರಳು ಒಂದು ಚೂರು ಹೆಚ್ಚು ನಡುಗುತ್ತದೆ.

ಆಲ್ಬಂ ನನ್ನದು. ಯಾವುದು ಒಳ್ಳೆಯದೋ ಅದನ್ನು ಮಾಡಬೇಕಲ್ಲವೆ?

ಜುಲೈ ೫

ಬುಷ್ರಾಗೆ ಹೇಳಿಬಿಡಬೇಕೆಂದೇ ಶಾಲೆ ಮುಗಿಸಿ ಶಿಡ್ಲಘಟ್ಟಕ್ಕೆ ಹೋದೆ. ಬೀದಿಗೆ ತಿರುಗುತ್ತಿದ್ದಂತೆ ಗೂಡು ಬೇಯುವ ವಾಸನೆ. ಅದಾದ ಮೇಲೆ ಗಿಟಾರು. ಒಂದೇ ಜಾಗವನ್ನು ಮತ್ತೆ ಮತ್ತೆ ಬಾರಿಸುತ್ತಿದ್ದಳು. ನಾನು ಹೋಗಿ ನಿಂತಾಗ ಬೆರಳಿಗೆ ಸುತ್ತಿದ್ದ ಪಟ್ಟಿ ತೋರಿಸಿ ನಕ್ಕಳು. ಜಾರುವ ಕಡೆ ತನಗೇ ಸಮಾಧಾನವಿಲ್ಲವಂತೆ, ಇನ್ನೊಮ್ಮೆ ರೆಕಾರ್ಡ್ ಮಾಡೋಣ ಅಂದಳು.

ಅವಳಿಗೇ ಗೊತ್ತಾಗಿತ್ತು. ಆ ಕ್ಷಣದಲ್ಲಿ ಹೇಳುವುದು ಎಷ್ಟು ಸುಲಭವಾಗಿತ್ತು. ದಿಲ್ಷಾದ್ ಆಂಟಿ ಚಹಾ, ಖಾರದ ಬಿಸ್ಕತ್ತು ತಂದಿಟ್ಟರು. ತಿಂದೆ. ಮಳೆಯ ವಿಷಯ ಮಾತಾಡಿದೆ. ಕೊನೆಯ ಬಸ್ಸು ಹೋಗಿಬಿಡುತ್ತದೆ ಎಂದು ಸುಳ್ಳು ಹೇಳಿ ಎದ್ದು ಬಂದೆ. ಇನ್ನೂ ಬೆಳಕಿತ್ತು.

ಜುಲೈ ೧೨

ಹಾಡನ್ನು ಇಸ್ಸೂಫನಿಗೆ ಕಳಿಸಿದೆ. ಬುಷ್ರಾಳ ಗಿಟಾರನ್ನು ದಾರಿ ತೋರಿಸಲು ಇರಲಿ ಎಂದು ಹಾಗೇ ಬಿಟ್ಟಿದ್ದೇನೆ. ಬರೀ ಪ್ರಯೋಗ. ಚೆನ್ನಾಗಿ ಬರದೇ ಹೋದರೆ ಬುಷ್ರಾಗೆ ಹೇಳುವ ಪ್ರಮೇಯವೇ ಇಲ್ಲ.

ಜುಲೈ ೨೪

ಬಂದಿದೆ. ಚೆನ್ನಾಗಿ ಬಂದಿದೆ. ಇನ್ನೇನು ಬರೆಯಲಿ? ಬಿಸಿಲಿನಲ್ಲಿ ದೂರದ ದಾರಿ ನಡುಗುವುದು ಕಾಣುತ್ತದಲ್ಲ, ಆ ನಡುಕ ಅವನ ತಂತಿಯಲ್ಲಿದೆ. ಕೇಳುತ್ತಾ ಕಣ್ಣು ತುಂಬಿತು.

ಜೊತೆಗೆ ಒಂದು ಸಂದೇಶ. ಅವನು ಫ್ರೆಂಚಿನಲ್ಲಿ ಬರೆದದ್ದನ್ನು ಫೋನೇ ಇಂಗ್ಲಿಷಿಗೆ ತಿರುಗಿಸಿ ಕೊಟ್ಟಿತು. "ಇನ್ನೊಂದು ಗಿಟಾರು ಯಾರದು? ಅವರು ಕೇಳುತ್ತಾರೆ, ನಾನು ಉತ್ತರ ಕೊಡುತ್ತೇನೆ. ಹೀಗೆ ಜೊತೆ ಸಿಕ್ಕಿ ಬಹಳ ದಿನವಾಗಿತ್ತು. ಅವರಿಗೆ ನನ್ನ ಸಲಾಂ ತಿಳಿಸಿ."

ಬುಷ್ರಾಳ ಗಿಟಾರನ್ನು ಮುಚ್ಚಿ ಅವನದೊಂದನ್ನೇ ಕೇಳಿದೆ. ನಡುನಡುವೆ ಬರಿದು. ಯಾರೋ ಫೋನಿನಲ್ಲಿ ಮಾತಾಡುವಾಗ ನಮಗೆ ಈ ಕಡೆಯ ಮಾತಷ್ಟೇ ಕೇಳಿಸಿದ ಹಾಗೆ. ಎರಡನ್ನೂ ಸೇರಿಸಿ ಮಾರ್ತಾಗೆ ಕಳಿಸಿದೆ. ಸಂಜೆಗೆ ಉತ್ತರ ಬಂತು: ಇಸ್ಸೂಫ್ ಅದ್ಭುತ, ಆದರೆ ಎರಡು ಗಿಟಾರು ಗಿಜಿಗಿಜಿ ಅನ್ನಿಸುತ್ತದೆ. ಅವನೊಬ್ಬನನ್ನೇ ಇಟ್ಟರೆ ಹಾಡು ಗಡಿ ದಾಟುತ್ತದೆ. ತೀರ್ಮಾನ ಮಾತ್ರ ನಿನ್ನದೇ.

ಬರಿದಾದ ಕಡೆಗೆ ಚಪ್ಪಾಳೆ ಹಾಕಿದೆ, ನನ್ನದೇ ಗುನುಗು ಹಾಕಿದೆ. ತುಂಬಿಕೊಂಡಿತು. ಹೆಚ್ಚು ಕಡಿಮೆ ತುಂಬಿಕೊಂಡಿತು.

ಸಲಾಮನ್ನು ತಿಳಿಸಲಿಲ್ಲ.

ಆಗಸ್ಟ್ ೩

ಮಧ್ಯಾಹ್ನ ಚಂದ್ರಿಕೆಗಳ ಧೂಳು ಒರೆಸುತ್ತಿದ್ದೆ, ಬುಷ್ರಾ ಬಂದಳು. ಗಿಟಾರು ತಂದಿರಲಿಲ್ಲ, ಡಬ್ಬಿಯಲ್ಲಿ ಬಿರಿಯಾನಿ ತಂದಿದ್ದಳು. ಲ್ಯಾಪ್‌ಟಾಪಿನಲ್ಲಿ 'ಕೆರೆಯಂಗಳ' ತೆರೆದೇ ಇತ್ತು. ಅವಳು ನೋಡುವ ಮೊದಲೇ ಮುಚ್ಚಿದೆ.

ಸುದ್ದಿ ಹೇಳಲು ಬಂದಿದ್ದಳು. ಹೇಳುವ ಮೊದಲೇ ನಗು ತಡೆಯಲಾಗದೆ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

"ಅಮ್ಮಿನೇ ಹೇಳಿದ್ರು ಕಣೇ. ಈ ಸಲ ಪೂರ್ತಿ ಹೆಸ್ರು ಹಾಕ್ಸು, ಬಚ್ಚಿಟ್ಕೊಳ್ಳೋದು ಸಾಕು ಅಂದ್ರು. ಅಬ್ಬಾನೂ ಹೂಂ ಅಂದ್ರು. ಬುಷ್ರಾ ಉಸ್ಮಾನ್ ಅಂತ ಹಾಕು ತನೂ."

ನಾನು ಏನೆಂದೆ? ಹಾಕೋಣ ಅಂದೆ. ನನ್ನ ಬಾಯಿಂದಲೇ ಬಂತು, ಏನೂ ತಡವರಿಸದೆ.

ಅವಳು ಹೋದ ಮೇಲೆ ಅಮ್ಮ ಪಾತ್ರೆ ತೊಳೆಯುತ್ತಾ, ಬಿರಿಯಾನಿ ಯಾಕೆ ಹಾಗೇ ಇದೆ, ಮೈ ಸರಿಯಿಲ್ಲವಾ ಎಂದು ಕೇಳಿದಳು. ಸರಿಯಿಲ್ಲ ಅಂದೆ.

ಆಗಸ್ಟ್ ೧೯

ಬುಷ್ರಾ ಫೋನ್ ಮಾಡಿದ್ದಳು. ತೆಗೆಯಲಿಲ್ಲ. ಪರೀಕ್ಷೆ ಪೇಪರು ತಿದ್ದುತ್ತಿದ್ದೇನೆಂದು ಮೆಸೇಜು ಹಾಕಿದೆ.

ಆಗಸ್ಟ್ ೨೮

ಮತ್ತೆ ತೆಗೆಯಲಿಲ್ಲ.

ಸೆಪ್ಟೆಂಬರ್ ೭

ಆಲ್ಬಮ್ಮಿಗೆ ಮುಂಚೆ 'ಕೆರೆಯಂಗಳ' ಒಂದನ್ನೇ ಈ ತಿಂಗಳು ಹೊರತರುವುದೆಂದಾಗಿದೆ. ಅದನ್ನು ಕೇಳಿಸುವ ಕಾರ್ಯಕ್ರಮದಲ್ಲಿ ಹಂಚುವ ಕಾರ್ಡು ಅಚ್ಚಿಗೆ ಹೋಗಬೇಕಿತ್ತು. 'ಗಿಟಾರ್: ಇಸ್ಸೂಫ್' ಎಂದು ಟೈಪು ಮಾಡಿ ಸುಮಾರು ಹೊತ್ತು ಕೂತಿದ್ದೆ. ಆಮೇಲೆ ಕೆಳಗೆ 'ಕೃತಜ್ಞತೆಗಳು' ಎಂದು ಹಾಕಿ, ಅಣ್ಣನ ಹೆಸರು, ಶಾಲೆಯ ಮುಖ್ಯೋಪಾಧ್ಯಾಯಿನಿಯ ಹೆಸರು, ಅವುಗಳ ನಡುವೆ ಬುಷ್ರಾ ಉಸ್ಮಾನ್ ಎಂದು ಸೇರಿಸಿದೆ.

ಹೆಸರು ಹಾಕೋಣ ಅಂದಿದ್ದೆ, ಹಾಕಿದ್ದೇನೆ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಮೇಲೆ ಕನ್ನಡಿಯಲ್ಲಿ ಮುಖ ನೋಡಲಾಗಲಿಲ್ಲ; ತಲೆ ಬಾಚದೆ ಹಾಗೇ ಗಂಟು ಹಾಕಿಕೊಂಡು ಶಾಲೆಗೆ ಹೋಗುವ ಬಟ್ಟೆ ಇಸ್ತ್ರಿ ಮಾಡಿದೆ.

ಕಾರ್ಯಕ್ರಮಕ್ಕೆ ಮುಂಚೆ ಹೇಳುತ್ತೇನೆ. ಖಂಡಿತ.

ಸೆಪ್ಟೆಂಬರ್ ೨೧, ಭಾನುವಾರ

ಬರೆಯದೆ ಮಲಗಲಾರೆ, ಬರೆಯಲೂ ಕೈ ಬಾರದು.

'ಕೆರೆಯಂಗಳ' ನಾಳೆ ಎಲ್ಲ ಕಡೆ ಬರುತ್ತದೆ. ಅದಕ್ಕೆ ಮುಂಚೆ ನಮ್ಮವರಿಗೆಲ್ಲ ಕೇಳಿಸೋಣವೆಂದು ಇವತ್ತು ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ, ನಮ್ಮಿಬ್ಬರ ಕಾಲೇಜು ಗೆಳೆಯ ಮೋಹನ್‌ಬಾಬು ನಡೆಸುವ ಟ್ಯೂಷನ್ ಸೆಂಟರಿನ ಮಹಡಿಯಲ್ಲಿ ಎಲ್ಲರನ್ನೂ ಕರೆದಿದ್ದೆವು. ಶಾಲೆಯ ಟೀಚರುಗಳು ಬಂದಿದ್ದರು, ಗೌರಿಬಿದನೂರಿನ ಭಜನೆ ತಂಡದವರು ಬಂದಿದ್ದರು, ಬೆಂಗಳೂರಿನಿಂದ ಪತ್ರಿಕೆಗಳಿಗೆ ಬರೆಯುವವರು ಇಬ್ಬರು ಬಂದಿದ್ದರು. ಬುಷ್ರಾಗೆ ನಾನು ಹೇಳಿರಲಿಲ್ಲ. ಕರೆದೂ ಇರಲಿಲ್ಲ. ಮೋಹನ್‌ಬಾಬು ಕರೆದಿದ್ದಾನೆ. ಕರೆಯದೆ ಇರುತ್ತಾನೆಯೆ?

ಅವರು ಮನೆಮಂದಿಯೆಲ್ಲ ಬಂದರು. ಉಸ್ಮಾನ್ ಸಾಬರು ಗರಿಗರಿಯಾದ ಬಿಳಿ ಜುಬ್ಬ ಹಾಕಿಕೊಂಡು, ಎಲ್ಲರಿಗೂ ಹಂಚಲು ಸಿಹಿ ತಂದಿದ್ದರು. "ತನುಜಮ್ಮಾ, ಒಳ್ಳೇದಾಗ್ಲಿ" ಎಂದು ತಲೆ ಮುಟ್ಟಿದರು. ದಿಲ್ಷಾದ್ ಆಂಟಿ ಜರಿಯಂಚಿನ ದುಪಟ್ಟಾ ಹೊದ್ದಿದ್ದರು. ಬುಷ್ರಾ ನನ್ನನ್ನು ಅಪ್ಪಿಕೊಂಡು, ಫೋನ್ ತೆಗೆಯುವುದಿಲ್ಲವಾ ಎಂದು ಬೆನ್ನಿಗೆ ಗುದ್ದಿದಳು. ಆಗಲೂ ಹೊತ್ತಿತ್ತು. ಅವಳನ್ನು ಮೆಟ್ಟಿಲ ಹತ್ತಿರ ಕರೆದು ಒಂದು ಮಾತು ಹೇಳಬಹುದಿತ್ತು. ಯಾರೋ ಮೈಕು ಕೊಟ್ಟರು, ತೆಗೆದುಕೊಂಡೆ.

ಕಾರ್ಡು ಹಂಚಿದರು. ದಿಲ್ಷಾದ್ ಆಂಟಿಗೆ ಉರ್ದು ಬಿಟ್ಟರೆ ಬೇರೆ ಓದಲು ಬಾರದು. ಪಕ್ಕದಲ್ಲಿದ್ದ ಟೀಚರಿಗೆ ಕಾರ್ಡು ಕೊಟ್ಟು ಮಗಳ ಹೆಸರೆಲ್ಲಿದೆ ಎಂದು ಕೇಳಿದರು. ಆಕೆ ಬೆರಳಿಟ್ಟು ತೋರಿಸಿದಳು. ಆಂಟಿ ಅಲ್ಲೇ ತಮ್ಮ ಬೆರಳನ್ನೂ ಇಟ್ಟು, ನನ್ನ ಕಡೆ ನೋಡಿ ತಲೆಯಾಡಿಸಿದರು. ಬುಷ್ರಾ ತನ್ನ ಕಾರ್ಡನ್ನು ತಾನೇ ಓದಿದಳು. ಮೇಲಿಂದ ಕೆಳಗೆ ಓದಿದಳು, ಮತ್ತೆ ಮೇಲಕ್ಕೆ ಹೋದಳು.

ಸ್ಪೀಕರಿನಲ್ಲಿ ಹಾಡು ಶುರುವಾಯಿತು. ಬುಷ್ರಾಳ ಎಡಗೈ ಮೊಣಕಾಲಿನ ಮೇಲಿತ್ತು. ಅವಳ ಜಾಗ ಬರುತ್ತಿದ್ದಂತೆ ಬೆರಳುಗಳು ತಾವಾಗಿಯೇ ಎದ್ದವು. ಅಲ್ಲಿ ಚಪ್ಪಾಳೆ ಬಂತು. ಬೆರಳು ಹಾಗೇ ನಿಂತವು. ಆಮೇಲೆ ಇಸ್ಸೂಫನ ಗಿಟಾರು ಬಂದು ಸಭೆಯೆಲ್ಲ ತಲೆದೂಗಿತು.

ದಿಲ್ಷಾದ್ ಆಂಟಿ ಮಗಳ ಕಡೆ ಬಾಗಿ, ಇದು ನಿನ್ನದೇ ತಾನೆ ಎಂದು ಅವರ ಭಾಷೆಯಲ್ಲಿ ಕೇಳಿದರು. "ಯೇ ತೇರಾಚ್ ಹೈ ನಾ?"

ಮುಂದಿನ ಸಾಲಿನ ಪಕ್ಕದಲ್ಲೇ ಮೈಕು ಹಿಡಿದು ನಿಂತಿದ್ದ ನನಗೆ ಅದು ಕೇಳಿಸಿತು. ಬುಷ್ರಾ ನನ್ನನ್ನು ನೋಡಲಿಲ್ಲ.

"ಹೌ ಅಮ್ಮಿ," ಅಂದಳು. "ಮೇರಾಚ್."

ಹೌದಮ್ಮ, ನನ್ನದೇ.

ಸೆಪ್ಟೆಂಬರ್ ೨೩

ಹಾಡನ್ನು ಬಹಳ ಜನ ಕೇಳುತ್ತಿದ್ದಾರಂತೆ. ಮಾರ್ತಾ ಹೂವಿನ ಚಿತ್ರಗಳನ್ನು ಕಳಿಸಿದ್ದಾಳೆ. ಸ್ಟಾಫ್ ರೂಮಿನಲ್ಲಿ ಟೀಚರೊಬ್ಬರು ಹಾಡನ್ನು ಹಾಕಿದರು. ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತಿದ್ದೆ.

ಅಕ್ಟೋಬರ್ ೫

ಕೊನೆಗೂ ಹೋದೆ. ಬುಷ್ರಾ ಘಟಕದ ಹಿಂದಿನ ಅಂಗಳದಲ್ಲಿ ನೂಲಿನ ಲಡಿಗಳನ್ನು ಜೋಡಿಸುತ್ತಿದ್ದಳು. ನನ್ನನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ, ಬೇಡ ಅನ್ನಲೂ ಇಲ್ಲ. ನಾನು ಎಲ್ಲವನ್ನೂ ಹೇಳಿದೆ. ಮಾರ್ತಾ ಅಂದದ್ದು, ನಾನು ಮುಚ್ಚಿಟ್ಟದ್ದು, ಇಸ್ಸೂಫನ ಸಲಾಮು ಕೂಡ. ಹೇಳುತ್ತಾ ಅತ್ತೆ. ಅವಳು ಅಳಲಿಲ್ಲ. ಅವಳೆದುರು ನಾನು ಅತ್ತದ್ದೂ ಈಗ ನಾಚಿಕೆಯೇ.

ಗಿಟಾರು ಚೆನ್ನಾಗಿಲ್ಲ ಅನ್ನುವುದು ಅವಳಿಗೆ ದೊಡ್ಡ ವಿಷಯವೇ ಅಲ್ಲವಂತೆ. ಚೆನ್ನಾಗಿಲ್ಲದಿದ್ದರೆ ತೆಗೆಯಬೇಕು, ಅಷ್ಟೆ. ಜೂನಿನಲ್ಲೇ ಹೇಳಿದ್ದರೆ ಅಂದೇ ಬಿಟ್ಟು ಹೊಸದಾಗಿ ಬಾರಿಸುತ್ತಿದ್ದಳಂತೆ.

"ಅಮ್ಮಿ ಎಲ್ರಿಗೂ ಮೊದ್ಲೇ ಹೇಳ್ಕೊಂಡು ಬಂದಿದ್ರು ತನೂ. ಬೀದಿಗೆಲ್ಲ ಹೇಳಿದ್ರು. ಆಗ ನಾನು ಅಲ್ಲ ಅನ್ಬೇಕಿತ್ತಾ, ಅಷ್ಟು ಜನದ ಮುಂದೆ?"

ನಿನ್ನ ಗಿಟಾರನ್ನು ಮತ್ತೆ ಹಾಕಿಸುತ್ತೇನೆ, ಆಲ್ಬಮ್ಮಿನಲ್ಲಾದರೂ ಸರಿಮಾಡುತ್ತೇನೆ ಅಂದೆ. ಅವಳು ಆಗ ಮೊದಲ ಸಲ ನನ್ನ ಮುಖ ನೋಡಿದಳು. ಎರಡು ಗಿಟಾರು ಕೇಳಿಸಿದರೆ ಅಮ್ಮಿಗೆ ಏನು ಹೇಳುವುದು, ಯಾವುದು ತನ್ನದೆಂದು ಹೇಳುವುದು ಎಂದು ಕೇಳಿದಳು. ಒಂದು ಸುಳ್ಳು ಹೇಳಿಸಿದ್ದೀಯ, ಎರಡನೆಯದನ್ನು ಹೇಳಿಸಬೇಡ. ಅಮ್ಮಿಗೆ ಗೊತ್ತಾಗಬಾರದು. ಇನ್ನು ನಿನ್ನ ಜೊತೆ ಬಾರಿಸುವುದೂ ಇಲ್ಲ ಅಂದಳು.

ಚಹಾ ಕುಡಿದು ಹೋಗು ಎಂದು ದಿಲ್ಷಾದ್ ಆಂಟಿ ಒಳಗಿನಿಂದ ಕೂಗಿದರು. ಒಳಗೆ ಅವರ ಫೋನಿನಲ್ಲಿ 'ಕೆರೆಯಂಗಳ' ಹಾಡುತ್ತಿತ್ತು.

ಅಕ್ಟೋಬರ್ ೧೧

ಇಸ್ಸೂಫ್ ಬರೆದಿದ್ದಾನೆ. ಹೊರಬಂದ ಹಾಡನ್ನು ಕೇಳಿದನಂತೆ. ನಾನು ಒಬ್ಬನೇ ಮಾತಾಡಿಕೊಳ್ಳುವ ಹುಚ್ಚನ ಹಾಗೆ ಕೇಳಿಸುತ್ತೇನೆ, ಅವರು ಎಲ್ಲಿ ಹೋದರು ಎಂದು ಕೇಳಿದ್ದಾನೆ.

ನಾನೇ ತೆಗೆದೆ ಎಂದು ಉತ್ತರ ಬರೆದೆ. ಮಾರ್ತಾ ಹೇಳಿದಳೆಂದು ಬರೆಯಲು ಹೋಗಿ ಅಳಿಸಿದೆ.

ಅಕ್ಟೋಬರ್ ೧೯, ಭಾನುವಾರ

ಉಸ್ಮಾನ್ ಸಾಬರ ತಮ್ಮನ ಮಗಳ ನಿಕಾಹ್ ಇವತ್ತು ಚಿಂತಾಮಣಿಯಲ್ಲಿ. ಹೋಗುವುದೇ ಬೇಡವೆಂದಿದ್ದೆ. ಅಮ್ಮ ಬಿಡಲಿಲ್ಲ. ಅಷ್ಟು ವರ್ಷದಿಂದ ನಮ್ಮ ಮನೆಯ ಎಲ್ಲದಕ್ಕೂ ಬಂದವರು, ಕರೆದ ಮೇಲೆ ಹೋಗದಿದ್ದರೆ ಹೇಗೆ ಎಂದು ರೇಷ್ಮೆ ಸೀರೆ ಉಟ್ಟು ನಿಂತಳು.

ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ. ದಿಲ್ಷಾದ್ ಆಂಟಿಯನ್ನು ನೆಂಟರು ಸುತ್ತಿಕೊಂಡಿದ್ದರು. ನನ್ನನ್ನು ನೋಡಿ ಕೈ ಹಿಡಿದು ಎಲ್ಲರಿಗೂ ಪರಿಚಯಿಸಿದರು. ಹಾಡಿದವಳು ಇವಳು, ಬಾರಿಸಿದವಳು ನನ್ನ ಮಗಳು. ಫೋನು ತೆಗೆದು ಹಾಡನ್ನೂ ಹಾಕಿದರು. ಯಾರೋ ಅಜ್ಜಿ ಬುಷ್ರಾಳ ಗಲ್ಲ ಹಿಡಿದು ಮುತ್ತಿಟ್ಟಳು. ಬುಷ್ರಾ ತಲೆ ತಗ್ಗಿಸಿಕೊಂಡು ನಿಂತಿದ್ದಳು. ನೆಂಟರಿಗೆ ಅದು ವಿನಯವಾಗಿ ಕಂಡಿರಬೇಕು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೈ ತೊಳೆಯುವ ನೆಪ ಮಾಡಿಕೊಂಡು ಅಡುಗೆಯವರ ಕಡೆಯ ಓಣಿಗೆ ಹೋದೆ. ಸ್ವಲ್ಪ ಹೊತ್ತಿಗೆ ದಿಲ್ಷಾದ್ ಆಂಟಿ ಬಂದರು. ತಟ್ಟೆಯಲ್ಲಿ ಸಿಹಿ ಇತ್ತು, ಮದುಮಗಳ ಕೈಯ ಮೆಹಂದಿಯ ವಾಸನೆ ಅವರ ಬಟ್ಟೆಗೂ ಅಂಟಿತ್ತು. ಊಟ ಮಾಡಿದೆಯಾ ಎಂದು ಕೇಳಿದರು. ನಾನು ಬಾಯಿ ತೆರೆದೆ. ಅಮ್ಮಿಗೆ ಗೊತ್ತಾಗಬಾರದೆಂದು ಬುಷ್ರಾ ಅಂದದ್ದು ನೆನಪಾಗಿ ಮುಚ್ಚಿದೆ. ಅವರು ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು.

"ನೀನು ಹೇಳ್ಬೇಡ ಬೇಟಿ, ನಂಗೊತ್ತು," ಅಂದರು. "ಅವಳು ಬಾರಿಸೋದನ್ನ ಪಕ್ಕದ ರೂಮಲ್ಲಿ ದಿನಾ ಕೇಳಿದೀನಿ. ಚಪಾತಿ ಲಟ್ಟಿಸ್ತಾ ಕೇಳಿದೀನಿ, ನಮಾಜ್‌ಗೆ ಕೂತಾಗ್ಲೂ ಕೇಳಿದೀನಿ. ನನ್ನ ಮಗಳ ಕೈ ನಂಗೆ ಗೊತ್ತಾಗಲ್ವಾ?"

ಹಾಗಿದ್ದರೆ ಅವತ್ತು ಯಾಕೆ ಕೇಳಿದಿರಿ ಅಂದೆ.

"ಅವಳ ಮುಖ ಹಂಗಾಯ್ತಲ್ಲ, ಅದಕ್ಕೆ. ಅಲ್ಲ ಅಂದಿದ್ರೆ ಅಲ್ಲೇ ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಹೋಗ್ತಿದ್ದೆ. ಹೌದು ಅಂದ್ಳು. ನಿನ್ನ ಮರ್ಯಾದೆ ಉಳಿಸ್ಬೇಕು ಅಂತ ಇತ್ತೇನೋ ಅವಳಿಗೆ. ಆಮೇಲಿಂದ ನಾನೂ ಎಲ್ರಿಗೂ ಹಾಕಿ ಕೇಳಿಸ್ತೀನಿ. ನಾನೇ ಸುಮ್ನಾಗ್ಬಿಟ್ರೆ ಅವಳು ಬೀದೀಲಿ ಹೆಂಗೆ ಓಡಾಡ್ತಾಳೆ?"

ಬೈಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಸಿಹಿಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ನಿಮ್ಮಮ್ಮ ಒಬ್ಬರೇ ಕೂತಿದ್ದಾರೆ, ಹೋಗಿ ಜೊತೆಗೆ ಕೂತುಕೋ ಎಂದು ಒಳಗೆ ಹೋದರು.

ಬಸ್ಸಿನಲ್ಲಿ ಅಮ್ಮ ಮದುಮಗಳ ಒಡವೆಯ ವಿಷಯ ಮಾತಾಡುತ್ತಿದ್ದಳು. ಕೈವಾರದ ತಿರುವು ಬರುವ ಹೊತ್ತಿಗೆ ಅವಳಿಗೆ ಎಲ್ಲ ಹೇಳಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಆ ಬಿರಿಯಾನಿ ನೀನು ತಿನ್ನದೇ ಇದ್ದದ್ದು ಇದಕ್ಕೇನಾ" ಅಂದಳು.

ಅಕ್ಟೋಬರ್ ೨೨

ಮಾರ್ತಾ ಜೊತೆ ಮಾತಾಡಿದೆ. ಆಲ್ಬಮ್ಮಿನಲ್ಲಿ 'ಕೆರೆಯಂಗಳ'ಕ್ಕೆ ಎರಡೂ ಗಿಟಾರು ಬೇಕು, ಬುಷ್ರಾ ಒಪ್ಪಿದರೆ. ಒಪ್ಪದಿದ್ದರೆ ಆ ಹಾಡೇ ಬೇಡ, ಹೇಗಿದ್ದರೂ ಈಗಿನದನ್ನು ಹಿಂದಕ್ಕೆ ತೆಗೆದುಕೊಳ್ಳೋಣ ಅಂದೆ. ಅವಳು ಸಿಟ್ಟಾಗಲಿಲ್ಲ, ಬೇಸರಪಟ್ಟಳು. ಉತ್ಸವದವರು ಕರೆದದ್ದು ಈಗ ಹೊರಬಂದಿರುವ ಹಾಡನ್ನು ಕೇಳಿ. ಅದನ್ನೇ ಹಿಂದಕ್ಕೆ ತೆಗೆದುಕೊಂಡರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ, ಆಲ್ಬಮ್ಮೂ ಮಾರ್ಚಿಗೆ ಹೋಗುತ್ತದೆ ಅಂದಳು. ಹೋಗಲಿ ಅಂದೆ. ವೀಸಾಕ್ಕೆ ಫೋಟೋ ಕೂಡ ತೆಗೆಸಿದ್ದೆ.

ಮಾತಿನ ನಡುವೆ ಅಮ್ಮ ಅವರೆಕಾಯಿ ತಂದು ಪಕ್ಕದಲ್ಲಿ ಸುಲಿಯುತ್ತಾ ಕೂತಳು. ಮಾರ್ತಾ ಅವಳಿಗೆ ಕೈಬೀಸಿದಳು. ನಮ್ಮಮ್ಮ ಅಶ್ವತ್ಥಮ್ಮ ಎಂದು ಹೇಳಿದೆ. ಅಮ್ಮ ಅವರೆಕಾಯಿ ತೋರಿಸಿದಳು.

ನವೆಂಬರ್ ೨

ಬುಷ್ರಾಗೆ ಹೇಳಿದೆ, ಅಮ್ಮಿಗೆ ಮೊದಲ ದಿನದಿಂದಲೇ ಗೊತ್ತಿತ್ತೆಂದು. ಹೇಳುವುದು ಸರಿಯೋ ತಪ್ಪೋ ಎಂದು ದಿನಗಟ್ಟಲೆ ಒದ್ದಾಡಿ, ಮತ್ತೆ ಮುಚ್ಚಿಡುವುದು ನನ್ನಿಂದಾಗದೆ ಹೇಳಿದೆ.

ಅವಳು ಸ್ಕೂಟರಿಗೆ ಒರಗಿ ನಿಂತಿದ್ದಳು.

"ಗೊತ್ತಿದ್ದೂ ಎಲ್ರಿಗೂ ಹಾಕಿ ಕೇಳಿಸ್ತಿದ್ರಾ?" ಅಂದಳು.

ಹೂಂ ಅಂದೆ. ಅವಳು ದುಪಟ್ಟಾವನ್ನು ಮುಖಕ್ಕೆ ಒತ್ತಿಕೊಂಡಳು. ಭುಜ ಅಲುಗುತ್ತಿತ್ತು. ಮುಟ್ಟಲು ನನಗೆ ಧೈರ್ಯವಾಗಲಿಲ್ಲ, ಹಕ್ಕೂ ಇರಲಿಲ್ಲ. ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು.

ಅವಳು ಮುಖ ಒರೆಸಿಕೊಂಡ ಮೇಲೆ, ನೀನು ಒಪ್ಪಿದರೆ ಆಲ್ಬಮ್ಮಿನಲ್ಲಿ ಎರಡೂ ಗಿಟಾರು ಇಡುತ್ತೇನೆ ಅಂದೆ. ಜೂನಿನಲ್ಲಿ ಬಾರಿಸಿದ್ದನ್ನು ಹಾಕಬೇಡ ಅಂದಳು. ಅದು ಇನ್ನೂ ಕಲಿಯುತ್ತಿದ್ದಾಗಿನದು. ಇಸ್ಸೂಫ್ ಬಾರಿಸಿದ್ದನ್ನು ಕಳಿಸು, ಅದನ್ನು ಕೇಳಿಕೊಂಡು ಮನೆಯಲ್ಲೇ ಹೊಸದಾಗಿ ಬಾರಿಸಿ ಕಳಿಸುತ್ತೇನೆ. ನಿನ್ನ ಹುಳದ ಮನೆಗೆ ಬರುವುದಿಲ್ಲ.

ನವೆಂಬರ್ ೧೭

ಅವಳ ಗಿಟಾರು ಬಂತು. ಇಸ್ಸೂಫನಿಗೂ ಕಳಿಸಿದೆ. ಸಲಾಮನ್ನು ನೇರ ನೀನೇ ಹೇಳು ಎಂದು, ಬುಷ್ರಾಳನ್ನು ಕೇಳಿ, ಅವಳ ನಂಬರೂ ಕೊಟ್ಟೆ. ಅವರಿಬ್ಬರೂ ಈಗ ಏನು ಮಾತಾಡಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ.

ನವೆಂಬರ್ ೩೦

ನಮ್ಮ ಹಾಡನ್ನು ಸೇರಿಸಿ ಮುಗಿಸಿ ಶಿಡ್ಲಘಟ್ಟಕ್ಕೆ ತೆಗೆದುಕೊಂಡು ಹೋದೆ. ಬುಷ್ರಾ ಘಟಕದ ಬಾಗಿಲಲ್ಲಿ ನಿಂತುಕೊಂಡೇ ಇಯರ್‌ಫೋನ್ ಹಾಕಿಕೊಂಡಳು. ಒಳಗೆ ಬಿಸಿನೀರಿನ ಹಬೆ, ರಾಟೆಗಳ ಸದ್ದು. ಅವಳು ಕಣ್ಣು ಮುಚ್ಚಿ ಕೇಳುವಾಗ ನಾನು ಅವಳ ಮುಖ ನೋಡದೆ ಚಪ್ಪಲಿ ನೋಡುತ್ತಿದ್ದೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಾಕಿ ಕೇಳಿದಳು.

ಆಮೇಲೆ ಇಯರ್‌ಫೋನ್ ತೆಗೆದು ಸುತ್ತುತ್ತಾ, "ನಂದು ಜೋರಾಗಿದೆ," ಅಂದಳು. "ಅವರ್ದು ಮುಚ್ಚೋಗ್ತಿದೆ. ನಂಗೋಸ್ಕರ ಅಂತ ಏರಿಸ್ಬೇಡ ತನೂ. ಹಾಡಿಗೆ ಎಷ್ಟು ಬೇಕೋ ಅಷ್ಟಿಡು."

ಇಳಿಸುತ್ತೇನೆ ಅಂದೆ. ಒಳಗಿನಿಂದ ಯಾರೋ ಕರೆದರು, ಹೋದಳು.

ಮನೆಗೆ ಬಂದು ಇಳಿಸಿದೆ. ಅವಳು ಹೇಳಿದ್ದು ಸರಿ. ಇಳಿಸುತ್ತಾ ಬಂದಂತೆ ಒಂದು ಕಡೆ ಎರಡೂ ಒಟ್ಟಿಗೆ ಕೇಳಿಸಿದವು. ಅಲ್ಲಿಗೆ ಬಿಟ್ಟೆ. ಅವಳಿಗೆ ಕಳಿಸಿ, ಊಟಕ್ಕೆ ಹೋದೆ.

ಬಂದು ನೋಡಿದರೆ ಉತ್ತರವಿತ್ತು. "ಈಗ ಸರಿ. ಮಿಕ್ಕ ಹಾಡುಗಳ್ನೂ ಕಳ್ಸು, ಕೇಳ್ತೀನಿ. ಅಲ್ಲಿಗೆ ಬರಲ್ಲ."

ಮಿಕ್ಕ ಹಾಡುಗಳನ್ನು ಕಳಿಸಿದೆ.